ಏಳನೇ ಕಾರ್ಡು

ಆಗಸ್ಟ್ 7, 2025, ಗುರುವಾರ

ಬೆಳಿಗ್ಗೆ ಒಂಬತ್ತೂಕಾಲು. ಸಾಲಿಗ್ರಾಮದ ಬಸ್ಸು. ಕಂಡಕ್ಟರ್ ಎಂದಿನಂತೆ ರಬ್ಬರ್ ಬ್ಯಾಂಡ್ ಹಾಕಿದ ಕಟ್ಟು ಎಸೆದು ಹೋದ. ಹಿಡಿದೆ. ಹದಿಮೂರು ವರ್ಷದಲ್ಲಿ ಕೈತಪ್ಪಿದ್ದು ಎರಡೇ ಸಲ. ಎರಡು ಸಲವೂ ಮಳೆ, ಎರಡು ಸಲವೂ ಚರಂಡಿ.

ವೈಕುಂಠ ಹೇರ್ಳೆ ಮಾಷ್ಟ್ರ ಅಂಕಣ, 'ಕಡಲಾಚೆ'. ಏಳು ಕಾರ್ಡು. ಮದುವೆ, ಉಪನಯನದ ಹಳೇ ಆಮಂತ್ರಣಗಳ ಹಿಂಬದಿಯಲ್ಲಿ ಬರೆಯುತ್ತಾರೆ. ಮುಂದೆ ಯಾರದೋ ಮುಹೂರ್ತ, ಹಿಂದೆ ಅಮೆರಿಕದ ಸೆನೆಟ್. ಒಂದೊಂದು ಕಾರ್ಡಿಗೆ ಒಂದೊಂದು ಪ್ಯಾರಾ. ಒಂದು ಕಾಟು ಹೊಡೆದದ್ದಿಲ್ಲ.

ಕುಂದಾಪುರದ ನಮ್ಮ ವಾರಪತ್ರಿಕೆ 'ಪಡುಗಾಳಿ'ಯ ಸಂಪಾದಕಿ ಪ್ರಫುಲ್ಲಾ ಅಕ್ಕ. ಉಳಿದದ್ದೆಲ್ಲ ನಾನು — ಟೈಪಿಂಗ್, ಪ್ರೂಫ್, ಪುಟ ಕಟ್ಟುವುದು, ಪ್ರಿಂಟರ್‌ಗೆ ಬೈಯುವುದು. ಅಂಕಣದ ಜಾಗ ಆರು ಕಾರ್ಡಿಗೇ ಭರ್ತಿ. ಏಳನೆಯದಕ್ಕೆ ಕತ್ತರಿ. ಅಲ್ಲಿ ನನ್ನ ಚುಟುಕ. ನಾಲ್ಕು ಸಾಲು, ಪ್ರಾಸ ಗ್ಯಾರಂಟಿ. ಓದುಗರು ಮೊದಲು ಓದುವುದು ಅದನ್ನೇ ಎಂದು ನನ್ನ ನಂಬಿಕೆ. ಓದುಗರನ್ನು ಕೇಳಿಲ್ಲ.

ಮಾಷ್ಟ್ರ ಈ ವಾರದ ಅಂಕಣ ಚೆನ್ನಾಗಿದೆ. 'ಆ ದೇಶ ಇನ್ನೂರೈವತ್ತು ವರ್ಷ ಉಳಿದದ್ದು ಅವಸರದಿಂದಲ್ಲ. ಎರಡು ಸಭೆ, ಒಂದು ಕೋರ್ಟು, ಒಬ್ಬರ ಕಾಲು ಒಬ್ಬರು ಹಿಡಿದುಕೊಂಡದ್ದರಿಂದ.' ಸಂವಿಧಾನ — ನಿಧಾನ. ಚುಟುಕ ತಾನಾಗಿಯೇ ಬಂತು.

ನಮ್ಮ ಸರಕಿನ ಮೇಲೆ ಇವತ್ತಿನಿಂದ ಅಲ್ಲಿ ಇಪ್ಪತ್ತೈದು ಪರ್ಸೆಂಟ್ ಸುಂಕ. ಇಪ್ಪತ್ತೇಳನೇ ತಾರೀಕಿನಿಂದ ಇನ್ನೊಂದು ಇಪ್ಪತ್ತೈದಂತೆ.

ಆಗಸ್ಟ್ 9, ಶನಿವಾರ

ಪತ್ರಿಕೆ ಬಂತು. ಕೊಕ್ಕರ್ಣೆಯಿಂದ ಒಬ್ಬರ ಫೋನ್. "ಅಮೆರಿಕದ್ದ್ ನಮ್ಗೆಂತಕೆ? ಇಲ್ಲಿ ರಸ್ತಿ ಹೊಂಡ ಬರೀಕ್ ಹೇಳಿ ಅವ್ರಿಗೆ."

ಈ ಪ್ರಶ್ನೆ ನಾನೇ ಒಮ್ಮೆ ಮಾಷ್ಟ್ರಿಗೆ ಕೇಳಿದ್ದೆ. ಹೇಳಿದ್ದರು: "ನಮ್ಮೂರ್ ಸೊಸೈಟಿ ಎಲೆಕ್ಷನ್ ಅರ್ಥ ಆಯ್ಕಂದ್ರೆ ದೂರದ್ದೊಂದ್ ಕಾಣ್ಕ್. ಮೂಗಿನ್ ತುದಿ ಕಣ್ಣಿಗ್ ಸಿಕ್ಕುದಿಲ್ಲೆ, ದೇವು."

ಎಂಟನೇ ಕ್ಲಾಸಿನಲ್ಲಿ ನನಗೆ ಇತಿಹಾಸ ಕಲಿಸಿದವರು. ಇಂಗ್ಲಿಷ್ ನಿಘಂಟು ಎರಡು ಹರಿಯುವಷ್ಟು ತಿರುವಿ ಕಲಿತು ಇವೆಲ್ಲ ಬರೆಯುತ್ತಾರೆ. ಎಪ್ಪತ್ತಾರು ವರ್ಷ. ಪಾಸ್‌ಪೋರ್ಟ್ ಇಲ್ಲ.

ಆಗಸ್ಟ್ 16, ಶನಿವಾರ

ಗುಲ್ವಾಡಿಯ ಭೋಜರಾಜ ಶೆಟ್ರು ಆಫೀಸಿಗೆ ಬಂದರು. ಹೊಳೆ ಬದಿಯಲ್ಲಿ ಮೂರು ಸಿಗಡಿ ಕೆರೆ, ಅವರ ಬಾಯಲ್ಲಿ ಚಟ್ಲಿ ಕೆರೆ. ನಮ್ಮ ಕೊನೇ ಪುಟದ ಅರ್ಧ ಒಂಬತ್ತು ವರ್ಷದಿಂದ ಅವರದೇ ಜಾಹೀರಾತು. ಮೊಬೈಲ್ ನನ್ನ ಮೂಗಿಗೆ ಹಿಡಿದರು.

"ಹ್ವಾಯ್ ದೇವು, ಇದ್ ಓದ್ ಕಾಂಬ."

ನಮ್ಮ ಹಳೇ ಸಂಚಿಕೆಯ 'ಕಡಲಾಚೆ'ಯ ಫೋಟೋ. 2018ರ ಜುಲೈ. ಚೀನಾದ ಸರಕಿಗೆ ಅಮೆರಿಕ ಸುಂಕ ಹಾಕಿದ ವಾರ. ಶೀರ್ಷಿಕೆ 'ಗೇಟು ಅವರದು'. ಮನೆಗೆ ಗೇಟು ಹಾಕುವ ಹಕ್ಕು ಮನೆಯವನದು, ಯಾರನ್ನು ಒಳಗೆ ಬಿಡಬೇಕೆಂದು ದಾರಿಹೋಕ ಹೇಳುವಂತಿಲ್ಲ, ಸುಂಕದ ಭಾರ ಹೊರಗಿನವನದೇ... ಗಟ್ಟಿ ಮಾತು. ಆಗಲೂ ಮೆಚ್ಚಿದ್ದೆ.

"ಈಗ ಆ ಗೇಟ್ ನನ್ ಚಟ್ಲಿ ಮೋರೆಗೇ ಬಡ್ದಿತ್ತಲೆ! ಅಮೆರಿಕಕ್ಕೆ ಕಳ್ಸು ಏಜೆಂಟ್ ಫೋನೇ ಎತ್ತುದಿಲ್ಲ. ಚೌತಿ ಕಳ್ದ್ ಮೇಲೆ ಕೆರಿಗ್ ಮರಿ ಬಿಡ್ಕಾ ಬ್ಯಾಡ್ದಾ, ಅದೂ ಗೊತ್ತಿಲ್ಲೆ. ನಿಮ್ ಮಾಷ್ಟ್ರ್ ಚಪ್ಪಾಳಿ ತಟ್ಟಿದ್ರಲೆ, ಈಗೆಂತ ಹೇಳ್ತ್ರ್?"

ಪ್ರಫುಲ್ಲಾ ಅಕ್ಕ, "ಕೂಕಣಿ ಭೋಜಣ್ಣ, ಚಾ ಕುಡಿನಿ" ಎಂದರು.

"ಚಾ ಬ್ಯಾಡ. 'ನಾನ್ ಬರ್ದದ್ ತಪ್ಪ್' ಅಂತ ಅವ್ರ್ ಬರೀಲಿ. ಇಲ್ದಿದ್ರೆ ಆ ಅಂಕಣ ನಿಲ್ಲಿಸಿ. ಎರ್ಡೂ ಆತಿಲ್ಲೆ ಅಂದ್ರೆ ನನ್ ಜಾಹೀರಾತ್ ನಿಲ್ಲಿಸಿ."

ಚಾ ಬಂತು. ಕುಡಿದರು. ಗಡುವು ಸೆಪ್ಟೆಂಬರಿನ ಮೊದಲ ಸಂಚಿಕೆ.

ಆ ಜಾಹೀರಾತು ಹೋದರೆ ಪತ್ರಿಕೆ ವರ್ಷ ಕಾಣಲಿಕ್ಕಿಲ್ಲ. ಅಂಕಣ ಹೋದರೆ ಪತ್ರಿಕೆ ಇದ್ದೇನು? ಅಕ್ಕನೂ ಇದನ್ನೇ ಯೋಚಿಸುತ್ತಿದ್ದರು ಅಂತ ಕಾಣುತ್ತದೆ.

ಮಾಷ್ಟ್ರಿಗೆ ಫೋನ್ ಮಾಡಿ ತಿಳಿಸಿದೆ. "ಆಯ್ತ್. ಯೋಚ್ನಿ ಮಾಡ್ತೆ" ಎಂದರು. ಅಷ್ಟೇ.

ಆಗಸ್ಟ್ 27, ಬುಧವಾರ. ಚೌತಿ

ಸುಂಕ ಇವತ್ತಿನಿಂದ ಐವತ್ತು.

ಆ ಫೋಟೋ ಬೈಂದೂರಿನ ತನಕ ಎಲ್ಲ ಗ್ರೂಪುಗಳಲ್ಲೂ ಓಡಾಡುತ್ತಿದೆ. ಗಣಪತಿ ಪೆಂಡಾಲಿನಲ್ಲಿ ಪ್ರಸಾದದ ಸಾಲು. ಹಿಂದಿನಿಂದ ಒಬ್ಬ: "ಹೇರ್ಳೆ ಮಾಷ್ಟ್ರಿಗ್ ಪಂಚಕಜ್ಜಾಯ ಡಾಲರಲ್ಲಿ ಕೊಡ್ಕಾ?" ನಕ್ಕವರು ಏಳೆಂಟು ಜನ. ಅದರಲ್ಲಿ ಇಬ್ಬರು ಅವರ ಶಿಷ್ಯರು. ನಾನು ನಗಲಿಲ್ಲ. ಪಂಚಕಜ್ಜಾಯ ಕೈಗೆ ಬಿದ್ದದ್ದೇ ಮನೆಗೆ ಹೊರಟೆ.

ಫೋಟೋದ ಕೆಳಗೆ ನನ್ನ ಚುಟುಕವೂ ಇದೆ. ಅದನ್ನು ಯಾರೂ ಬೈದಿಲ್ಲ. ಮೊದಲು ಸಮಾಧಾನವಾಯಿತು. ಆಮೇಲೆ ಸ್ವಲ್ಪ ಬೇಸರವೂ.

ಆಗಸ್ಟ್ 28, ಗುರುವಾರ, ಮಧ್ಯಾಹ್ನ 3

ಅಕ್ಕ ಹೇಳಿದರು, 2018ರ ಮೂಲ ಪ್ರತಿ ಹುಡುಕು, ಮಾಷ್ಟ್ರು ಬರೆದದ್ದು ಹೀಗೆಯೇ ಹೌದೋ ನೋಡುವ. ಕಾರ್ಡುಗಳನ್ನೆಲ್ಲ ಬಿಸ್ಕತ್ತಿನ ಡಬ್ಬಗಳಲ್ಲಿ ಇಟ್ಟಿದ್ದೇನೆ. ನಾಲ್ಕನೇ ಡಬ್ಬದಲ್ಲಿ ಸಿಕ್ಕಿತು. ಏಳು ಕಾರ್ಡು. ಅಚ್ಚಾದದ್ದು ಆರು.

ಏಳನೆಯದು, ಹಂಗಾರಕಟ್ಟೆಯ ಯಾರದೋ ಗೃಹಪ್ರವೇಶದ ಹಿಂಬದಿ. ಹಾಗೆಯೇ ಬರೆದುಕೊಳ್ಳುತ್ತೇನೆ:

'ಆದರೆ ಒಂದು ಮಾತು. ಗೇಟು ಹಾಕುವ ಹಕ್ಕಿದ್ದವನು ಯಾರ ಎದುರೂ ಹಾಕಬಹುದು. ನಾಳೆ ಗುಲ್ವಾಡಿಯ ಸಿಗಡಿಯ ಎದುರೂ ಹಾಕಬಹುದು. ಆ ದಿನ ಬೈಯಲಿರುವವರು ಇಂದು ಚಪ್ಪಾಳೆ ತಟ್ಟುವುದು ಬೇಡ. ಕೊಳ್ಳುವವನು ಒಬ್ಬನೇ ಎಂದು ನಂಬಿ ಕೆರೆ ತೋಡಿದರೆ ಅದು ವ್ಯಾಪಾರವಲ್ಲ, ಹರಕೆ.'

ಅಡ್ಡಲಾಗಿ ನನ್ನದೇ ಪೆನ್ಸಿಲ್ ಗೆರೆ. ಬದಿಯಲ್ಲಿ ನನ್ನದೇ ಅಕ್ಷರ: ಜಾಗ ಇಲ್ಲ.

ಜಾಗ ಇತ್ತು. ಆ ಜಾಗದಲ್ಲಿ ಇದು ಬಂದಿತ್ತು —

ಚೀನಾದ ಸರಕಿಗೆ ಅಮೆರಿಕದ ಸುಂಕ,
ಕುಂದಾಪುರಕ್ಕೇನು? ನಾವು ನಿಶ್ಶಂಕ!
ಕಾದಾಡಲಿ ಬಿಡಿ, ಕೋಳಿಯ ಅಂಕ,
ಗ್ಯಾಲರಿ ನಮ್ಮದು, ನಮಗೇಕೆ ಆತಂಕ?

ಆ ವಾರ ಮೂರು ಜನ ಫೋನ್ ಮಾಡಿ ಹೊಗಳಿದ್ದರು.

ಸಂಜೆ 5

ಅಕ್ಕನಿಗೆ 'ಸಿಗಲಿಲ್ಲ' ಎಂದೆ.

ಆಗಸ್ಟ್ 29

ಪುಟ ಪ್ರೆಸ್ಸಿಗೆ ಹೋಯಿತು. ಚುಟುಕ ಬರೆಯಲಿಲ್ಲ. ಅಲ್ಲಿ ಒಂದು ಹೂವಿನ ಬಾರ್ಡರ್ ಹಾಕಿದೆ.

ಆಗಸ್ಟ್ 31, ಭಾನುವಾರ

ಹೆಂಡತಿ ಸ್ನೇಹಲತಾಗೆ ಎಲ್ಲ ಹೇಳಿದೆ. "ಡಬ್ಬದೊಳ್ಗ್ ಇದ್ದದ್ದ್ ನಿಮ್ ಹೊಟ್ಟಿಯೊಳ್ಗ್ ಹೋಯಿ ಕೂಕಂಡಿತ್ತ್. ಸಾಲಿಗ್ರಾಮಕ್ಕ್ ಹೋಯಿ ಬನ್ನಿ" ಎಂದಳು. ಹೋದೆ.

ಮಾಷ್ಟ್ರು ಜಗಲಿಯಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡು ಯಾವುದೋ ಸೆನೆಟರ್ ಭಾಷಣ ಕೇಳುತ್ತ ಹೂಬತ್ತಿ ಹೊಸೆಯುತ್ತಿದ್ದರು. ಗೋಡೆಯಲ್ಲಿ ಐವತ್ತು ರಾಜ್ಯಗಳ ಮ್ಯಾಪು. ಒಂದು ಪಕ್ಷಕ್ಕೆ ಕುಂಕುಮ, ಇನ್ನೊಂದಕ್ಕೆ ಬಟ್ಟೆಗೆ ಹಾಕುವ ನೀಲಿ. ಆ ಕಡೆ ಈ ಕಡೆ ತೂಗುವ ರಾಜ್ಯಗಳಿಗೆ ಅರಿಶಿನ. ಕೆಲವು ರಾಜ್ಯಗಳು ಮೂರೂ ಬಣ್ಣ ಕಂಡು ಮಣ್ಣಿನ ಬಣ್ಣಕ್ಕೆ ಬಂದಿವೆ.

ಕಾರ್ಡು ಮುಂದಿಟ್ಟೆ. ಓದಿದರು. ಕನ್ನಡಕ ತೆಗೆದರು.

"ಗೊತ್ತಿತ್ತ್, ದೇವು."

"ಎಂತ ಗೊತ್ತಿತ್ತ್?"

"ಏಳ್ನೇದ್ ನೀ ಕತ್ತರಿಸ್ತೆ ಅಂತ. ಹದ್ಮೂರ್ ವರ್ಷದಿಂದ ಕಾಂತಿದ್ದೆ. ಪತ್ರಿಕಿ ನಾನೂ ಓದ್ತೆ ಮಾರಾಯ."

"ಮತ್ತೆಂತಕ್ ಬರೀತ್ರಿ?"

"ಆರ್ ಕಾರ್ಡಲ್ಲಿ ಊರಿಗ್ ಹೇಳೂದ್. ಏಳ್ನೇದ್ರಲ್ಲಿ ನಂಗೇ ಕೇಂಬುದ್ — ಹೇಳಿದ್ದ್ ಹೌದಾ ಅಂತ. ಅದ್ ಅಚ್ಚಾಯ್ಕಂತ ಇಲ್ಲೆ. ಬರೀದೇ ಇದ್ರೆ ಮಾತ್ರ ಆತಿಲ್ಲೆ."

"ಈ ವಾರ ಇದನ್ನ ಅಚ್ಚ್ ಹಾಕ್ತೆ ಮಾಷ್ಟ್ರೆ. ನಿಮ್ ತಪ್ಪಿಲ್ಲ ಅಂತ ಗೊತ್ತಾಯ್ಲಿ."

ಬೇಡವೆಂದು ತಲೆಯಾಡಿಸಿದರು. "ಮೊದ್ಲಿನ ಆರ್ ಯಾರ್ ಬರ್ದದ್? ನಾನೇ ಅಲ್ದಾ? ಏಳ್ನೇದ್ರ್ ಹಿಂದೆ ಹೋಯಿ ಅಡಗಿ ಕೂಕಂಬುಕ್ ನಂಗಾತಿಲ್ಲೆ. ಗೇಟ್ ಅವ್ರದೇ. ಆವತ್ತೂ ಹೌದ್, ಇವತ್ತೂ ಹೌದ್. ಭೋಜರಾಜಂಗ್ ನೋವಾಯಿತ್ ಅಂದ್ಕಂಡ್ ಸತ್ಯ ತಿರ್ಗೂದಿಲ್ಲೆ. ಆದ್ರೆ ಅವ್ನ್ ನೋವೂ ಸುಳ್ಳಲ್ಲ. ಎರ್ಡೂ ಬರೀಕ್."

ಕಾಫಿ ಕೊಟ್ಟರು. ಹೊರಡುವಾಗ ಗೇಟಿನ ತನಕ ಬಂದು, "ಆ ಚುಟುಕ ಲಾಯ್ಕ್ ಇದ್ದಿತ್" ಎಂದರು. ತಮಾಷೆಯಲ್ಲ. ನಿಜವಾಗಿಯೇ ಹೇಳಿದ್ದು. ಅದೇ ಕಷ್ಟ.

ಸೆಪ್ಟೆಂಬರ್ 2, ಮಂಗಳವಾರ

ಗುಲ್ವಾಡಿ. ಶೆಟ್ರು ಕೆರೆಯ ದಂಡೆಯಲ್ಲಿ ನಿಂತಿದ್ದರು. ಮೂರೂ ಕೆರೆಗಳಲ್ಲಿ ಬರೀ ಮಳೆನೀರು. ಕಾರ್ಡು ಕೊಟ್ಟೆ. ಕತ್ತರಿಸಿದ್ದು ನಾನು ಎಂದೆ.

ಎರಡು ಸಲ ಓದಿದರು. ಬೈಯುತ್ತಾರೆಂದು ಕಾದೆ.

"ಈ ಮೂರ್ನೇ ಕೆರೆ ತೋಡಿದ್ದ್ ಅದೇ ವರ್ಷ, ದೇವು. ಇದನ್ ಆಗ ಓದಿದ್ರೂ ನಾನ್ ಕೇಂತಿರ್ಲಿಲ್ಲೆ. ತೋಡೂದ್ ತೋಡ್ತಿದ್ದೆ." ಕಾರ್ಡಿನ ಮೇಲೆ ಬಿದ್ದ ಹನಿ ಅಂಗಿಗೆ ಒರೆಸಿದರು. "ಆದ್ರೂ ಓದೂದ್ ನನ್ ಹಕ್ಕಲ್ದಾ?"

ಹೌದು ಎಂದೆ.

"ನಾನೇ ಆ ಫೋಟೋ ಊರಿಡೀ ಕಳ್ಸಿದ್ದ್. ಈಗ ಮಾಷ್ಟ್ರ್ ಮೋರೆ ಹ್ಯಾಂಗ್ ಕಾಂಬುದ್?... ಅವ್ರ್ ತಪ್ಪ್ ಅಂತ ಬರೆಯೂದ್ ಬ್ಯಾಡ. ಇದನ್ನ ಹಾಕ್. ಕತ್ತರ್ಸ್ದವ ಯಾರ್ ಅಂತ್ಲೂ ಹಾಕ್. ಅಷ್ಟ್ ಆದ್ರೆ ಅಂಕಣವೂ ಇರ್ಲಿ, ಜಾಹೀರಾತೂ ಇರ್ಲಿ."

ಮಾಷ್ಟ್ರಿಗೆ ಬೇಡವಾದದ್ದು ಶೆಟ್ರಿಗೆ ಬೇಕು. ಅಕ್ಕನಿಗೆ ಇವತ್ತು ನಿಜ ಹೇಳಿದೆ. ಹದಿಮೂರು ವರ್ಷದಲ್ಲಿ ಮೊದಲ ಸಲ ನನ್ನನ್ನು 'ದೇವದಾಸ' ಎಂದು ಪೂರ್ತಿ ಹೆಸರು ಹಿಡಿದು ಕರೆದರು.

ಸೆಪ್ಟೆಂಬರ್ 4, ಗುರುವಾರ, ಬೆಳಿಗ್ಗೆ 9.20

ಬಸ್ಸು. ಕಟ್ಟು. ಹಿಡಿದೆ. ತೆಳ್ಳಗಿದೆ. ಎಣಿಸಿದೆ. ಆರೇ ಕಾರ್ಡು.

ಶೀರ್ಷಿಕೆ: 'ಗೇಟು ಈಗಲೂ ಅವರದೇ'. ಟೈಪ್ ಮಾಡುತ್ತ ಎರಡು ಕಡೆ ಕೈ ನಿಂತಿತು. 'ಹಕ್ಕಿದೆ ಎಂದ ಮಾತ್ರಕ್ಕೆ ವಿವೇಕ ಇದೆ ಎಂದಲ್ಲ. ಸುಂಕ ಹಾಕಬೇಕಾದ್ದು ಸಭೆ, ನಿಧಾನವಾಗಿ, ಜಗಳಾಡಿ. ಒಬ್ಬರ ಸಹಿಯಿಂದ ಅದು ಬಂದರೆ, ಆ ದೇಶದ ನಿಧಾನವನ್ನು ಮೆಚ್ಚಿದ ನನ್ನಂಥ ಹಳಬರೇ ಮೊದಲು ಆಕ್ಷೇಪಿಸಬೇಕು.' ಮತ್ತೆ, 'ಭಾರ ಹೊರುವವನು ಹೊರಗಿನವನು ಎಂದು ಅಂದು ಬರೆದೆ. ಅಲ್ಲಿನ ಗೃಹಿಣಿಯೂ ಹೊರುತ್ತಾಳೆ, ಗುಲ್ವಾಡಿಯ ರೈತನೂ ಹೊರುತ್ತಾನೆ. ಅಷ್ಟರ ಮಟ್ಟಿಗೆ ನನ್ನ ಲೆಕ್ಕ ತಪ್ಪಿತ್ತು.'

ಯಾರೂ ಹೇಳಿಸಿದ್ದಲ್ಲ. ತಪ್ಪು ಇದ್ದಷ್ಟೇ ಒಪ್ಪಿದ್ದಾರೆ. ಒಂದು ಸಾಲು ಹೆಚ್ಚಿಲ್ಲ, ಕಮ್ಮಿಯಿಲ್ಲ.

11.40

ಫೋನ್ ಮಾಡಿದೆ. "ಮಾಷ್ಟ್ರೆ, ಏಳ್ನೇದ್ ಇಲ್ಲೆ? ಬಸ್ಸಲ್ಲಿ ಬಿತ್ತಾ?"

"ಬೀಳಲಿಲ್ಲೆ. ಹಳೇ ಏಳ್ನೇದ್ ಹಾಕದೆ ನೀ ಬಿಡೂದಿಲ್ಲೆ ಅಂತ ಭೋಜರಾಜ ನಿನ್ನೆ ಬಂದ್ ಹೇಳ್ದ. ಕಣ್ಣಲ್ಲಿ ನೀರ್ ಹಾಕ್ಕಂಡ. ಹಾಕ್. ಆದ್ರೆ ನನ್ ಹೆಸ್ರಿನ್ ಕೆಳ್ಗ್ ಬ್ಯಾಡ. ಈ ವಾರ ಏಳ್ನೇ ಕಾರ್ಡ್ ನಿಂದ್."

ಇಟ್ಟುಬಿಟ್ಟರು.

ಸಂಜೆ 4.10

ಅಕ್ಕ ಎರಡು ಸಲ ಇಣುಕಿದರು. ಪ್ರಿಂಟರ್ ಎರಡು ಸಲ ಫೋನ್. ಮೊದಲು ಪ್ರಾಸ ಹುಡುಕಿದೆ. ಅಭ್ಯಾಸ. ಕತ್ತರಿ — ತತ್ತರಿ. ಅಳಿಸಿದೆ. ಸುಂಕ, ಅಂಕ, ಬಿಂಕ... ಅಳಿಸಿದೆ. ಓದಿದವರು ನಕ್ಕುಬಿಟ್ಟರೆ ನಾನು ತಪ್ಪಿಸಿಕೊಂಡ ಹಾಗೆ.

ಚಪ್ಪಟೆ ಗದ್ಯ. ಪುಟದಲ್ಲಿ ನನ್ನ ಹೆಸರು ಪೂರ್ತಿ, ಊರು ಸಹಿತ. ಆಮೇಲೆ ಹಂಗಾರಕಟ್ಟೆಯ ಕಾರ್ಡಿನ ಪ್ಯಾರಾ. ಆ ಪ್ಯಾರಾಕ್ಕೂ ಮೊದಲು ಬರಬೇಕಾದ ನನ್ನ ಮಾತು ಇಷ್ಟು ಟೈಪ್ ಆಗಿ ನಿಂತಿದೆ:

'2018ರ ಜುಲೈಯಲ್ಲಿ ಈ ಅಂಕಣದ ಕೊನೆಯ ಮಾತನ್ನು ಕತ್ತರಿಸಿದವನು ನಾನು. ಜಾಗ ಇತ್ತು. ಕತ್ತರಿಸಿದ್ದಕ್ಕೆ ಕಾರಣ