ನಾಲ್ಕನೇ ಚಕ್ರ ಬಾಕಿ ಇದೆ

ಅಣ್ಣಾ,

ಬಂದವನೇ ಪಿಕಪ್ ಹೊರಗೆ ತೆಗೆಯಬೇಡ. ಮುಂದಿನ ಎರಡು ಚಕ್ರಕ್ಕೂ ಹಳೇ ಡ್ರಮ್ ಕಳಚಿ ಡಿಸ್ಕ್ ಬ್ರೇಕ್ ಕೂರಿಸಿದ್ದೇನೆ, ಆದರೆ ನಾಲ್ಕೂ ಚಕ್ರದ ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಯಬೇಕು, ಅದಿನ್ನೂ ಪೂರ್ತಿ ಆಗಿಲ್ಲ. ಈಗ ಓಡಿಸಿದರೆ ಗೋಡೆಗೆ ಗುದ್ದಿಯೇ ನಿಲ್ಲುತ್ತೀಯ.

ಹತ್ತು ಗಂಟೆಗೆ ಬಂದು, ನಾನು ಅಡಿಯಿಂದ ಗಾಳಿ ಬಿಡುವಾಗ ಬ್ರೇಕ್ ಪೆಡಲ್ ಒತ್ತುತ್ತೇನೆ ಅಂದವನು ನೀನು. ಕಾದು ಕಾದು ಸಾಕಾಗಿ ಸ್ಪ್ಯಾನರ್ ಹಿಡಿದು ಗಾಡಿಯಡಿ ನುಸುಳಿದೆ. ಮೇಲೆ ಬಾಗಿಲು ಹಾಕಿದ ಸದ್ದಾಯಿತು. ಅಂತೂ ಬಂದ ಮಹಾರಾಯ ಎಂದುಕೊಂಡು "ಒತ್ತು" ಅಂದೆ. ಪೆಡಲ್ ಮೂರು ಸಲ ಇಳಿಯಿತು. ಒತ್ತಿ ಹಿಡಿದಿದ್ದೇನೆ ಅನ್ನುವುದಕ್ಕೆ ಒಳಗಿನಿಂದ ಬಾಗಿಲಿಗೆ ಎರಡು ಸಲ ತಟ್ಟಿದ ಸದ್ದು. ನೀನು ತಟ್ಟುವವನಲ್ಲ, "ಹೂಂ" ಅನ್ನುವವನು. ನನಗೆ ಆಗ ಹೊಳೆಯಲೇ ಇಲ್ಲ.

ಹೀಗೇ ಮೂರು ಚಕ್ರದ ಪೈಪಿನ ಗಾಳಿ ತೆಗೆದೆವು. ಅಷ್ಟರಲ್ಲಿ ನಿನ್ನ ಫೋನ್: "ಬಸ್ ಈಗ ಹೊರಡ್ತು ಕಣೇ, ಬರೋದು ಮಧ್ಯಾಹ್ನ ಆಗುತ್ತೆ."

ಎದ್ದು ನೋಡಿದರೆ ಗಾಡಿಯಲ್ಲಿ ಯಾರೂ ಇಲ್ಲ. ನನ್ನ ಗಿಡ್ಡ ಕಾಲಿಗೆಂದು ಮುಂದಕ್ಕೆ ಎಳೆದಿದ್ದ ಸೀಟು ಪೂರ್ತಿ ಹಿಂದಕ್ಕೆ ಸರಿದಿತ್ತು, ಅಪ್ಪ ಬದುಕಿದ್ದಾಗ ಇರುತ್ತಿದ್ದ ಹಾಗೆ. ಬಾಗಿಲು ತಟ್ಟುತ್ತಿದ್ದದ್ದೂ ಅಪ್ಪನೇ. ಡಿಸ್ಕ್ ಗಿಸ್ಕ್ ಏನೂ ಬೇಡ ಎಂದು ಕೊನೆತನಕ ಹಟ ಹಿಡಿದ ಮನುಷ್ಯ.

ಅಮ್ಮನ ಕಿವಿಗೆ ಹಾಕಬೇಡ. ಬ್ರೇಕ್ ಆಯಿಲ್ ಮುಗಿದಿದೆ, ತರಲು ಹೋಗುತ್ತಿದ್ದೇನೆ. ನೀನು ಊಟ ಮಾಡಿ ಮಲಗು, ಪೆಡಲ್ ಒತ್ತಲು ಬರಬೇಡ.

ಸೀಟನ್ನಂತೂ ಮುಟ್ಟಬೇಡ. ಇನ್ನೂ ಒಂದು ಚಕ್ರ ಇದೆ.