ದೊಡ್ಡವ್ವನ ಹದಿನಾಲ್ಕು ಸೆಕೆಂಡು

೩ ಜೂನ್ ೨೦೨೪, ಜೇವರ್ಗಿ
ಕಾಲೇಜಿನಲ್ಲಿ ಪಾಠ ಮುಗಿಸಿ ಬಂದವನೇ ಎಡಿಟಿಂಗ್‌ಗೆ ಕೂತೆ. ನಮ್ಮ ಭಾಗದ ಮಾತುಗಳ ಮೇಲೆ ಇಪ್ಪತ್ತೊಂದನೇ ವಿಡಿಯೋ. ಈ ಸಲದ ಪದ — ‘ಖಬರ’. ಸುದ್ದಿ, ಅರಿವು ಅನ್ನುವ ಅರ್ಥ; ಉರ್ದುವಿನಿಂದ ಬಂದು ನಮ್ಮದೇ ಆದದ್ದು. ನಮ್ಮೂರು ಖಜೂರಿಯಲ್ಲಿ ಮಾಡಿದ ರೆಕಾರ್ಡಿಂಗ್‌ನಲ್ಲಿ ದೊಡ್ಡವ್ವ ಹನ್ನೊಂದು ನಿಮಿಷ ಮಾತಾಡಿದ್ದಾಳೆ. ದೊಡ್ಡಪ್ಪ ರಸ್ತೆ ದಾಟುವಾಗ ಲಾರಿ ಹಾಯ್ದು ಸತ್ತ ದಿನದ ಮಾತು. ಅಷ್ಟು ಉದ್ದ ಯಾರು ನೋಡುತ್ತಾರೆ... ಪದ ಬರುವಷ್ಟೇ ಇಟ್ಟೆ.
“ಅಂವ ಹೋಗ್ಯಾನ, ನನಗ ಖಬರೇ ಇಲ್ಲ! ನಾ ರೊಟ್ಟಿ ಬಡ್ಯಾಕತ್ತೇನಿ!”
ಹದಿನಾಲ್ಕು ಸೆಕೆಂಡು. ಅದರ ಹಿಂದೆ ನನ್ನ ವಿವರಣೆ. ಅಪ್‌ಲೋಡ್ ಆಯಿತು.

೧೧ ಜೂನ್
ನಾಲ್ಕು ಲಕ್ಷ ವ್ಯೂಸ್! ಇಲ್ಲಿಯವರೆಗೆ ಒಂದೂ ಮುನ್ನೂರು ದಾಟಿರಲಿಲ್ಲ. ಸ್ಟಾಫ್ ರೂಮಿನಲ್ಲಿ ವ್ಯಂಕಟೇಶ ಸರ್ ಕೈ ಕುಲುಕಿದರು. “ಏನ್ರೀ, ಫೇಮಸ್ ಆಗಿಬಿಟ್ರಿ!” ಕಲಬುರಗಿಯಿಂದ ಸೆಮಿನಾರಿಗೆ ಕರೆ ಬಂದಿದೆ.
ಕಮೆಂಟುಗಳಲ್ಲಿ ಬರೀ ನಗು. ನನ್ನ ವಿವರಣೆ ಕತ್ತರಿಸಿ ದೊಡ್ಡವ್ವನ ಮಾತಿಗೆ ಮ್ಯೂಸಿಕ್ ಹಾಕಿದ್ದಾರೆ. ‘ಹೋಗ್ಯಾನ’ ಅಂದರೆ ಯಾರನ್ನೋ ಕಟ್ಟಿಕೊಂಡು ಓಡಿಹೋದ ಅಂತ ತಿಳಿದಿದ್ದಾರೆ. ಅದು ಹಾಗಲ್ಲ ಅಂತ ಬರೆಯಬೇಕು. ನಾಳೆ.

೧೩ ಜೂನ್
ಆರು ಲಕ್ಷ. ಇನ್ನೂ ಬರೆದಿಲ್ಲ.

೨೩ ಜೂನ್, ಮಧ್ಯಾಹ್ನ
ದೊಡ್ಡವ್ವನನ್ನು ‘ಆಯಿ’ ಅನ್ನುವ ಮೊಮ್ಮಗಳು ಸೃಷ್ಟಿ ಫೋನ್ ಮಾಡಿದ್ದಳು. ಅಳುತ್ತಿದ್ದಳು.
“ಕಾಕಾ, ಆಳಂದಕ್ಕ ಮದಿವಿಗೆ ಹೋಗಿದ್ವಿ. ಹುಡುಗೂರು ಆಯಿ ಸುತ್ತ ನಿಂತು, ಇನ್ನೊಮ್ಮೆ ಅನ್ರಿ, ಇನ್ನೊಮ್ಮೆ ಅನ್ರಿ ಅಂದ್ರು. ಆಯಿ ಖುಷಿಲೇ ಅಂದ್ಳು. ಆಮ್ಯಾಲ ಫೋನಿನ್ಯಾಗ ತೋರ್ಸಿ ನಕ್ರು. ಊಟದ ಎಲಿ ಮುಂದಿಂದ ಎದ್ದಾಳ, ಕಾಕಾ. ಆವತ್ತಿಂದ ಯಾರ ಕೂಡಾನೂ ಮಾತಿಲ್ಲ.”
ಡಿಲೀಟ್ ಮಾಡಿದೆ. ಹುಡುಕಿ ನೋಡಿದರೆ ಇನ್ನೂ ಮೂವತ್ತಾರು ಕಡೆ ಇದೆ. ಎಣಿಸುವುದನ್ನು ಬಿಟ್ಟೆ.

೧೪ ಜುಲೈ, ಭಾನುವಾರ
ಮೂರು ವಾರ ಧೈರ್ಯ ಬರಲಿಲ್ಲ. ಇವತ್ತು ಖಜೂರಿಗೆ ಹೋದೆ. ಸೃಷ್ಟಿ ಬಾಗಿಲು ತೆಗೆದು ಹಾಗೇ ಒಳಗೆ ಹೋದಳು. ದೊಡ್ಡವ್ವ ಪಡಸಾಲೆಯಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಪಕ್ಕದಲ್ಲಿ ಕೂತೆ.
“ದೊಡ್ಡವ್ವ, ನಂದು ತಪ್ಪಾತು.”
ಬೇಳೆಯಲ್ಲಿ ಬೆರಳು ಆಡುತ್ತಲೇ ಇತ್ತು. ಆಮೇಲೆ, ಟಿವಿಯ ವಾರ್ತೆಯವರ ಹಾಗೆ, ಒಂದೊಂದೇ ಪದ ಹುಡುಕಿ —
“ನೀವು... ಊಟ... ಮಾಡಿಕೊಂಡು ಹೋಗಿರಿ.”
ನೀವು! ನನ್ನ ತಾಯಿ ತೀರಿದಾಗ ಎತ್ತಿಕೊಂಡು ಬಂದು ಸಾಕಿದವಳು. ‘ಲೇ ಸಿದ್ದ್ಯಾ’ ಬಿಟ್ಟು ಬೇರೆ ರೀತಿ ಕರೆದವಳಲ್ಲ.
“ದೊಡ್ಡವ್ವ, ಬೈಯಿ. ಹೊಡಿ ಬೇಕಾದ್ರ. ಹಿಂಗ ಮಾತಾಡಬ್ಯಾಡ.”
ಆಕೆಯ ಕಣ್ಣು ನನ್ನ ಜೇಬಿನ ಮೇಲಿತ್ತು. ಫೋನ್ ತೆಗೆದು ಆಫ್ ಮಾಡಿ ದೂರ ಇಟ್ಟೆ. ಆದರೂ ದನಿ ತಗ್ಗಿಸಿದಳು.
“ನನ್ನ ಮಾತು... ಸರಿಯಾಗಿ ಇಲ್ಲ. ನೀವು ಕಲಿತವರು. ಅವರು ಹೋದ ದಿವಸ...”
ಅಲ್ಲಿಗೆ ನಿಲ್ಲಿಸಿದಳು. ಮುಂದಿನ ಪದ ಆಕೆಗೆ ಸಿಗಲಿಲ್ಲ. ನನಗೆ ಗೊತ್ತಿತ್ತು, ‘ಖಬರ’. ಆದರೆ ನಾನು ಅದನ್ನು ಆಕೆಯ ಬಾಯಿಂದ ಕಿತ್ತುಕೊಂಡವನು; ಬೇಳೆಗೆ ಕೈ ಹಾಕಿ ಆಕೆಯ ಜೊತೆ ಹಸನು ಮಾಡತೊಡಗಿದೆ.