ಒಂದು ಮನೆ, ಒಂದು ಗುಂಪು

ಗುರುವಾರ, ಮಧ್ಯಾಹ್ನದ ಬಿಡುವು

ನೀರಿನವರಿಗೆ ಕಚೇರಿಯವಳ ನಮಸ್ಕಾರ.

ಕಾಗದ ನೋಡಿ ಗಾಬರಿಯಾಗಬೇಡಿ. ಯಾರಿಗೂ ಏನೂ ಆಗಿಲ್ಲ. ಫೋನು ಮಾಡಬಹುದಿತ್ತು, ನಿಜ. ಆದರೆ ಫೋನಿನಲ್ಲಿ ನೀವು ಹೂಂ ಅನ್ನುತ್ತೀರಿ, ನಾನು ಸರಿ ಅನ್ನುತ್ತೇನೆ, ಆಮೇಲೆ ಮೇಲಿನ ಬೀದಿಗೆ ನೀರು ಏರಿತೇ ಎಂದು ಕೇಳುತ್ತೀರಿ. ಏರಿತು ಎಂದರೆ ನಿಮ್ಮ ಕಡೆಯಿಂದ ಮಾತು ಮುಗಿಯಿತು. ಬ್ಲೀಚಿಂಗ್ ಪೌಡರಿನ ವ್ಯಾನು ಇವತ್ತು ಪಂಪ್‌ಹೌಸಿಗೆ ಬರುತ್ತದೆಯಲ್ಲ, ಅದರ ಡ್ರೈವರ್ ಕೈಯಲ್ಲಿ ಇದನ್ನು ಕೊಟ್ಟು ಕಳಿಸುತ್ತಿದ್ದೇನೆ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿನ್ನೆಯ ಪುರಸಭೆಯ ಸಭೆಯಲ್ಲಿ ಗುಂಪುಗಳ ನಿಯಮ ಬದಲಾಯಿತು. ನೀವು ಪಂಪ್‌ಹೌಸಿನ ಕೋಣೆಯಲ್ಲೇ ಇರಬೇಕೆಂಬ ಕಟ್ಟಳೆ ಇನ್ನಿಲ್ಲ. ಮನೆಗೆ ಬರಬಹುದು. ಬರುತ್ತೀರೋ ಇಲ್ಲವೋ ಎಂಬುದನ್ನು ಇನ್ನು ಮುಂದೆ ನಿಯಮದ ತಲೆಗೆ ಕಟ್ಟಲು ಬರುವುದಿಲ್ಲ, ನಾವೇ ತೀರ್ಮಾನಿಸಬೇಕು. ಅದಕ್ಕೇ ಈ ಕಾಗದ.

ಎಲ್ಲವನ್ನೂ ಮೊದಲಿನಿಂದ ಬರೆಯುತ್ತೇನೆ. ನಿಮಗೆ ಗೊತ್ತಿರುವುದೇ. ಬರೆಯುತ್ತ ಹೋದರೆ ನನಗಾದರೂ ಏನಾದರೂ ಅನ್ನಿಸೀತು ಎಂಬ ಆಸೆ.

ಮೊದಲ ಸಲ ರೋಗ ಬಂದಾಗ ಪುರಸಭೆಯವರೆಲ್ಲ ಒಟ್ಟಿಗೆ ಹಾಸಿಗೆ ಹಿಡಿದೆವು. ವಾಲ್ವ್ ತಿರುಗಿಸಲು ಜನವಿರಲಿಲ್ಲ, ಕಸ ಎತ್ತಲು ಜನವಿರಲಿಲ್ಲ. ಊರಿಗೆ ಊರೇ ಕೊಡ ಹಿಡಿದು ಟ್ಯಾಂಕರಿನ ಹಿಂದೆ ಓಡಿತು. ಆ ವಾರವೇ ಅತ್ತೆ ತೀರಿಹೋದರು. ನೀವು ಒಂದು ವಾರ್ಡಿನಲ್ಲಿ, ನಾನು ಇನ್ನೊಂದರಲ್ಲಿ, ಅವರು ಮೂರನೆಯದರಲ್ಲಿ. ಮೂವರೂ ಒಂದೇ ಆಸ್ಪತ್ರೆಯ ಊಟ ಉಂಡೆವು, ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ರೋಗ ಇಳಿದ ಮೇಲೆ ಅಧ್ಯಕ್ಷರು ನನ್ನನ್ನು ಕರೆದು, ಮತ್ತೆ ಬಂದರೆ ಏನು ಮಾಡುವುದು ಎಂದು ಈಗಲೇ ಬರೆದಿಡಿ ಎಂದರು. ಶಾಲೆಯಲ್ಲಿ ಡ್ರಿಲ್ ಮಾಸ್ತರಾಗಿದ್ದವರು, ಎಲ್ಲವೂ ಸಾಲಾಗಿ ನಿಂತಿರಬೇಕು ಅವರಿಗೆ. ದಿನಸಿ ಅಂಗಡಿ ಇಟ್ಟಿರುವ ಸದಸ್ಯರು ಮಾತ್ರ, ಹೋದ ನೆಂಟನಿಗೆ ಕುರ್ಚಿ ಹಾಕಿ ಕಾಯುತ್ತಿದ್ದೀರಲ್ಲ ಎಂದು ಇಡೀ ಸಭೆಯನ್ನು ನಗಿಸಿದರು. ನಾನು ಬರೆದೆ. ಪ್ರತಿ ಶಾಖೆಯಲ್ಲೂ ಎರಡು ಗುಂಪು, ಹಸಿರು ಮತ್ತು ನೀಲಿ. ಒಂದು ವಾರ ಇವರು, ಒಂದು ವಾರ ಅವರು. ಒಬ್ಬರನ್ನೊಬ್ಬರು ಮುಟ್ಟಬಾರದು, ಒಂದೇ ಲೋಟದಲ್ಲಿ ಚಹಾ ಕುಡಿಯಬಾರದು. ಒಂದು ಗುಂಪು ಬಿದ್ದರೆ ಇನ್ನೊಂದು ಊರನ್ನು ಎತ್ತಿ ಹಿಡಿಯಬೇಕು. ಒಂದೇ ಸೂರಿನಡಿ ಎರಡೂ ಗುಂಪಿನವರಿದ್ದರೆ ಒಬ್ಬರು ಬೇರೆ ಕಡೆ ಉಳಿದುಕೊಳ್ಳಬೇಕು. ಈ ಕೊನೆಯ ಸಾಲು ಬರೆಯುವಾಗ ನಮ್ಮ ಯೋಚನೆ ನನಗೆ ಬರಲಿಲ್ಲ, ಏಕೆಂದರೆ ಕರಡಿನಲ್ಲಿ ನಾವಿಬ್ಬರೂ ಹಸಿರಿನಲ್ಲೇ ಇದ್ದೆವು.

ಕರಡು ಅಧ್ಯಕ್ಷರ ಕೊಠಡಿಗೆ ಹೋಗಿ ಬಂದಾಗ ನೀವು ನೀಲಿಯಲ್ಲಿದ್ದಿರಿ. ವಾಲ್ವ್ ಕೆಲಸ ಬಲ್ಲ ಇನ್ನೊಬ್ಬರು, ನಿಮ್ಮ ಶಾಖೆಯ ಹಿರಿಯರು, ಹಸಿರಿನಲ್ಲಿ ನಿಮ್ಮ ಜಾಗಕ್ಕೆ ಬಂದಿದ್ದರು. ಆ ಹಿರಿಯರ ಅನುಕೂಲಕ್ಕಿರಬೇಕು ಎಂದುಕೊಂಡೆ.

ಎರಡನೆಯ ಸಲ ರೋಗ ಬಂತು. ನಗುತ್ತಿದ್ದವರು ನಗು ನಿಲ್ಲಿಸಿದರು. ಅಷ್ಟಕ್ಕೇ ಯಾರೂ ಬೆನ್ನು ತಟ್ಟಲಿಲ್ಲ ಅನ್ನಿ. ಮಾರುಕಟ್ಟೆಯನ್ನು ಎರಡು ಮೈದಾನಗಳಿಗೆ ಹಂಚಿದೆವು. ಈಜುಕೊಳ ಮುಚ್ಚಿ ಅಲ್ಲಿನ ಕಾವಲುಗಾರರನ್ನು ಹಾಸಿಗೆ ಹಿಡಿದವರ ಮನೆಗಳಿಗೆ ಊಟ ಮುಟ್ಟಿಸಲು ಹಾಕಿದೆವು. ಗ್ರಂಥಾಲಯದವರು ಸೈಕಲ್ಲಿನಲ್ಲಿ ಮಾತ್ರೆ ಹಂಚುತ್ತಿದ್ದಾರೆ. ಜ್ವರದಲ್ಲಿ ಬಿದ್ದವರ ಬಾಗಿಲಲ್ಲಿ ನಿಂತು, ನಮ್ಮ ಪುಸ್ತಕ ಯಾವಾಗ ವಾಪಸ್ ಕೊಡುತ್ತೀರಿ ಎಂದೂ ಕೇಳುತ್ತಾರಂತೆ. ಎರಡು ದೂರು ಬಂದಿವೆ, ಹದಿನಾಲ್ಕು ಪುಸ್ತಕ ಬಂದಿವೆ.

ಇದನ್ನು ಕೇಳಿ ಕಚೇರಿಯಲ್ಲಿ ಎಲ್ಲರೂ ನಕ್ಕರು. ನಾನೂ ಬಾಯಿ ಅಗಲಿಸಿದೆ. ಒಳಗೆ ಏನೂ ಇರಲಿಲ್ಲ. ಆಸ್ಪತ್ರೆಯಿಂದ ಬರುವ ಸಾವಿನ ಅಂಕಿಗಳನ್ನು ಸಭೆಯಲ್ಲಿ ಓದುವವಳೂ ನಾನೇ. ಓದಿ, ಪುಟದ ಸಂಖ್ಯೆ ತಪ್ಪಿದೆ ಎಂದು ತಿದ್ದಿ, ಕೂತುಕೊಳ್ಳುತ್ತೇನೆ. ಮನೆಗೆ ಬಂದು ಅತ್ತೆಯ ಕೋಣೆಯ ಧೂಳು ಹೊಡೆಯುತ್ತೇನೆ. ಅಳು ಬರುವುದಿಲ್ಲ. ಒಂದು ದಿನ ಬಲವಂತವಾಗಿ ಅವರ ಹಾಸಿಗೆಯ ಮೇಲೆ ಕೂತು ನೋಡಿದೆ. ಅಕ್ಕಿ ತರಬೇಕು ಎಂಬುದು ಬಿಟ್ಟು ಬೇರೇನೂ ನೆನಪಾಗಲಿಲ್ಲ. ನನ್ನನ್ನು ಅವರು ಎಷ್ಟು ಗೋಳು ಹೊಯ್ದುಕೊಳ್ಳುತ್ತಿದ್ದರು, ನಾನೆಷ್ಟು ಎದುರು ಆಡುತ್ತಿದ್ದೆ, ನಿಮಗೆ ಗೊತ್ತಲ್ಲ. ನನ್ನ ಚಹಾ ಪುರಸಭೆಯ ನಲ್ಲಿ ನೀರಿಗಿಂತ ತೆಳು ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಅದು ನೆನಪಾದರೂ ಒಳಗೆ ಏನೂ ಅಲುಗುವುದಿಲ್ಲ.

ನೀವು ಹೋದ ದಿನವೂ ಹಾಗೇ ಇತ್ತು. ಬೇರೆಯವರು ಈ ನಿಯಮಕ್ಕೆ ಒಂದಲ್ಲ ಒಂದು ಉಪಾಯ ಹುಡುಕಿಕೊಂಡರು. ನೀವು ಆದೇಶ ಬಂದ ಸಂಜೆಯೇ ಚಾಪೆ, ದಿಂಬು, ಎರಡು ಜೊತೆ ಬಟ್ಟೆ ಕಟ್ಟಿಕೊಂಡಿರಿ. ಬಾಗಿಲಲ್ಲಿ ನಿಂತು, ಗೀಸರ್ ಸ್ವಿಚ್ ಆರಿಸೋದು ಮರೀಬೇಡ ಎಂದಿರಿ. ಸರಿ ಎಂದೆ. ಇವರಿಗೆ ಹೋಗಲು ಒಂದು ನೆಪ ಬೇಕಿತ್ತು, ಅದನ್ನು ನಾನೇ ಬರೆದುಕೊಟ್ಟೆ ಎಂದು ಮನಸ್ಸಿಗೆ ಬಂತು. ಮೊದಲ ಸಲ ರೋಗ ಬಂದಾಗ ಓಡಾಟದ ಪಾಸಿಗಾಗಿ ನುಗ್ಗುವ ಜನರ ಎದುರು ಕಚೇರಿಯ ಕಿಟಕಿಯಲ್ಲಿ ಕೂತಿದ್ದವಳು ನಾನು. ರೋಗವನ್ನು ಮನೆಗೆ ತಂದವಳು ನಾನೇ ಎಂದು ನೀವು ತಿಳಿದಿದ್ದೀರಿ, ಅದಕ್ಕೇ ನನ್ನ ಎದುರು ಕೂತು ಉಣ್ಣಲು ನಿಮ್ಮಿಂದ ಆಗುತ್ತಿಲ್ಲ ಎಂದು ಇಷ್ಟು ದಿನ ಅಂದುಕೊಂಡೇ ಇದ್ದೆ. ಬಾಯಿಬಿಟ್ಟು ಕೇಳಲಿಲ್ಲ. ನೀವೂ ಹೇಳಲಿಲ್ಲ.

ಈಗ ನಿನ್ನೆಯ ವಿಷಯ. ಜನನ ಮರಣ ನೋಂದಣಿಯ ಗುಮಾಸ್ತೆ ಹಸಿರು, ಅವಳ ಗಂಡ ಕಸದ ಗಾಡಿಗಳ ಮೇಸ್ತ್ರಿ ನೀಲಿ. ಇರುವುದು ಒಂದೇ ಕೋಣೆ, ಹೋಗುವುದೆಲ್ಲಿಗೆ? ನಡುವೆ ಹಗ್ಗ ಕಟ್ಟಿ ಬೆಡ್‌ಶೀಟು ಇಳಿಬಿಟ್ಟರು. ಆ ಕಡೆ ಒಂದು ಗುಂಪು, ಈ ಕಡೆ ಇನ್ನೊಂದು. ಅನ್ನದ ಪಾತ್ರೆ ಮಾತ್ರ ಬೆಡ್‌ಶೀಟಿನ ಕೆಳಗೆ ಓಡಾಡುತ್ತಿತ್ತು. ಗಂಡನಿಗೆ ಜ್ವರ ಬಂತು, ಹಿಂದೆಯೇ ಹೆಂಡತಿಗೆ. ಅವನಿಂದ ನೀಲಿಯವರು ಮಲಗಿದರು, ಅವಳಿಂದ ಹಸಿರಿನವರು ಮಲಗಿದರು, ಎರಡು ಶಾಖೆಗಳಿಗೆ ಬೀಗ ಬಿತ್ತು. ಇಂಥ ಮನೆಗಳು ಇನ್ನೂ ಹನ್ನೊಂದಿವೆ ಎಂದು ಆಮೇಲೆ ತಿಳಿಯಿತು. ನನ್ನ ಯೋಜನೆಯ ತೂತು ಅಲ್ಲಿತ್ತು. ನಾನು ಜನರನ್ನು ಮೇಜುಗಳ ಲೆಕ್ಕದಲ್ಲಿ ಹಂಚಿದ್ದೆ. ಮೇಜಿನಿಂದ ಎದ್ದು ಅವರು ಎಲ್ಲಿಗೆ ಹೋಗುತ್ತಾರೆ ಎಂದು ನೋಡಿರಲಿಲ್ಲ.

ಸಭೆ ಶಾಲೆಯ ಮೈದಾನದಲ್ಲಿ ನಡೆಯಿತು. ಕುರ್ಚಿಗಳು ಎಷ್ಟು ದೂರ ದೂರವೆಂದರೆ ಪಕ್ಕದವರ ಜೊತೆ ಜಗಳವಾಡಲೂ ಕೂಗಬೇಕು. ಯಾರಾದರೂ ಎದ್ದು ಹತ್ತಿರ ಹೋದರೆ ಅಧ್ಯಕ್ಷರು ಸೀಟಿ ಊದುತ್ತಾರೆ. ನಾನು ಎದ್ದು, ಇನ್ನು ಮುಂದೆ ಒಂದು ಮನೆಗೆ ಒಂದೇ ಗುಂಪು, ಮನೆಯವರು ಯಾವ ಗುಂಪು ಬೇಕೆಂದು ತಾವೇ ಆರಿಸಿಕೊಳ್ಳಲಿ, ಅದರ ಪ್ರಕಾರ ಕೆಲಸ ಹಂಚೋಣ ಎಂದೆ. ದಿನಸಿ ಅಂಗಡಿಯವರು ಬಿಡುತ್ತಾರೆಯೇ? ಮನೆ ಎಂದರೆ ಯಾವುದು, ಒಂದೇ ಗೇಟಿನೊಳಗೆ ನಾಲ್ಕು ಸಂಸಾರ ಇರುತ್ತವಲ್ಲ ಎಂದು ಕೂಗಿದರು. ಒಂದೇ ಒಲೆಯ ಅಡುಗೆ ಉಣ್ಣುವವರು ಒಂದು ಮನೆ ಎಂದು ನಾನೂ ಕೂಗಿ ಹೇಳಿದೆ. ಹೇಳಿದ ಮೇಲೆ, ಹಾಗಾದರೆ ಸದ್ಯಕ್ಕೆ ನಾವು ಒಂದು ಮನೆಯಲ್ಲ ಎಂದು ಹೊಳೆಯಿತು. ಅಷ್ಟರಲ್ಲಿ ಎಲ್ಲರೂ ಕೈ ಎತ್ತಿದ್ದರು. ದಿನಸಿ ಅಂಗಡಿಯವರೂ ಎತ್ತಿದರು, ಅವರ ಮಗಳು ಸೊಸೆ ಇಬ್ಬರೂ ನಮ್ಮಲ್ಲೇ ಕೆಲಸಕ್ಕಿದ್ದಾರಲ್ಲ, ಒಬ್ಬಳು ಹಸಿರು, ಒಬ್ಬಳು ನೀಲಿ.

ಇಷ್ಟೇ ವಿಷಯ. ಸೋಮವಾರದಿಂದ ಹೊಸ ಕ್ರಮ. ಅಷ್ಟರೊಳಗೆ ಎಲ್ಲರೂ ತಮ್ಮ ತಮ್ಮ ಗುಂಪು ತಿಳಿಸಬೇಕು. ನೀವು ಅಲ್ಲೇ ಇರುತ್ತೇನೆ ಎಂದರೆ ಬೇಡ ಅನ್ನಲು ನಿಯಮದಲ್ಲಿ ದಾರಿಯಿಲ್ಲ, ನಾನೂ ಬಲವಂತ ಮಾಡುವವಳಲ್ಲ. ಮೇಲಿನ ಬೀದಿಗೆ ನೀರು ಚೆನ್ನಾಗಿ ಏರುತ್ತಿದೆ. ಗೀಸರ್ ಆರಿಸುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇಂತಿ,
ನಿಮ್ಮ ಕಚೇರಿಯವಳು

ಸಹಿ ಹಾಕಿ ಮಡಚಿಟ್ಟಿದ್ದೆ. ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಮೇಲೆ ಬರೆದದ್ದೆಲ್ಲ ನಿಜ, ಆದರೆ ಒಂದು ಮಾತು ನುಂಗಿಕೊಂಡಿದ್ದೆ. ನಿನ್ನೆ ಸಭೆ ಮುಗಿದು ಕುರ್ಚಿ ಎತ್ತಿಸುವಾಗ ಅಧ್ಯಕ್ಷರು, ಇನ್ನಾದರೂ ನಿಮ್ಮವರನ್ನು ಮನೆಗೆ ಕರೆಸಿಕೊಳ್ಳಿ, ಅವತ್ತು ನನ್ನ ಮುಂದೆ ಅವರು ನಿಂತಿದ್ದ ರೀತಿ ಇನ್ನೂ ಕಣ್ಣ ಮುಂದಿದೆ ಎಂದರು. ನನಗೆ ಗೊತ್ತಿದೆ ಎಂದುಕೊಂಡೇ ಹೇಳಿದರು. ಕರಡು ಅವರ ಹತ್ತಿರ ಇದ್ದಾಗ, ಗುಂಪು ಬದಲಾಯಿಸಿ ಎಂದು ನೀವೇ ಅವರ ಕೊಠಡಿಗೆ ಹೋಗಿದ್ದಿರಂತೆ. "ಅಮ್ಮನಿಗೆ ತಂದುಕೊಟ್ಟಿದ್ದು ನಾನೇ ಸಾರ್. ಇವಳಿಗೂ ತಂದುಕೊಡೋದು ಬೇಡ, ನನ್ನನ್ನ ಆ ಕಡೆ ಹಾಕಿಬಿಡಿ" ಅಂದಿರಂತೆ.

ನನಗೆ ಸಿಟ್ಟು ಬಂತು. ಎಷ್ಟು ತಿಂಗಳ ಮೇಲೆ ನನಗೆ ಏನೋ ಒಂದು ಬಂತು ನೋಡಿ, ಅದೂ ಸಿಟ್ಟು. ಮೈದಾನದಿಂದ ಮನೆಯವರೆಗೂ ನಿಮ್ಮನ್ನು ಬೈದುಕೊಂಡೇ ಬಂದೆ. ಯಾರು ತಂದರು ಎಂದು ನಿಮಗೆ ಯಾರು ಹೇಳಿದರು? ನಿಮಗಿಂತ ಮೊದಲು ನನಗೆ ಕೆಮ್ಮು ಶುರುವಾಗಿತ್ತು. ಅತ್ತೆಯೂ ಮನೆಯಲ್ಲಿ ಕೂರುವ ಹೆಂಗಸಲ್ಲ, ಬೇಡವೆಂದರೂ ಪಕ್ಕದ ಮನೆಗೆ ಹೋಗಿ ಹರಟೆ ಹೊಡೆದು ಬರುತ್ತಿದ್ದರು. ನೀವೇ ತಂದದ್ದು ಎಂದು ನಾನು ಅಂದಿದ್ದರೆ, ನೀನೇ ತಂದದ್ದು ಎಂದು ನೀವು ಅಂದಿದ್ದರೆ, ಜಗಳವಾದರೂ ಆಗುತ್ತಿತ್ತು. ಅವರು ನನಗೂ ಅತ್ತೆ. ನನ್ನನ್ನು ಒಂದು ಮಾತು ಕೇಳದೆ ನೀವೊಬ್ಬರೇ ಹೊತ್ತುಕೊಂಡು ಹೋಗಿಬಿಟ್ಟಿರಿ.

ಬನ್ನಿ ಎಂದರೆ ನೀವು ಬರುವುದಿಲ್ಲ, ಇನ್ನಷ್ಟು ದಿನ ನೋಡೋಣ ಅನ್ನುತ್ತೀರಿ. ಅದಕ್ಕೇ ಈ ಕಾಗದ ಮಡಚಿಟ್ಟು ಎದ್ದು ಹೋಗಿ ನಮ್ಮ ಮನೆಯ ಗುಂಪನ್ನು ನಾನೇ ತಿಳಿಸಿ ಬಂದೆ. ನೀಲಿ. ಶನಿವಾರದ ವ್ಯಾನಿನಲ್ಲಿ ಬ್ಲೀಚಿಂಗ್ ಪೌಡರ್ ಮೂಟೆಗಳ ಜೊತೆ ನನ್ನ ಮಂಚ ಬರುತ್ತದೆ, ಅದರ ಪಕ್ಕ ನಾನೂ ಕೂತು ಬರುತ್ತೇನೆ. ಮಂಚ ಭಾರ ಇದೆ, ಡ್ರೈವರಿಗೆ ಬೆನ್ನು ನೋವು. ಇಳಿಸಿಕೊಳ್ಳಲು ಗೇಟಿನ ಹತ್ತಿರ ಇರಿ.